ಹದಿನೈದು ಇಂಚಿನ ಸ್ಪೀಕರು ನಾನೇಕೆ ತಂದೆ

ಯರಗುಪ್ಪಿಯ ಒಂದು ಮದುವೆಗೆ ಹುಬ್ಬಳ್ಳಿಯಿಂದ ಬಂದ ಸೌಂಡ್ ಸರ್ವಿಸಿನವನು ಎರಡು ಕರಿ ಪೆಟ್ಟಿಗೆ ಇಳಿಸಿ ಹಾಡು ಹಚ್ಚಿದ. ಅಂದಿನಿಂದ ನನ್ನ ಹೊಟ್ಟೆಗೆ ಕಲ್ಲು ಬಿತ್ತು. ಅಲ್ಲಿಯವರೆಗೆ ಕುಂದಗೋಳದ ಸುತ್ತ ಯಾರ ಮನೆಯ ಮದುವೆಯಿರಲಿ, ಬಸುರಿಯ ಕುಬಸವಿರಲಿ, ಮೈಕಿನವನು ನಾನೇ; ನನ್ನ ನಾಲ್ಕು ಹಾರ್ನುಗಳು ಬೇವಿನ ಮರ ಏರಿದರೆ ಮುಗಿಯಿತು, ಎರಡು ಹರದಾರಿ ಆಚೆಗೂ ಕೇಳುತ್ತಿತ್ತು. ಆದರೆ ಹಾರ್ನು ಕಿರುಚುತ್ತದೆ, ಗುಡುಗುವುದಿಲ್ಲ. ಆ ಕರಿ ಪೆಟ್ಟಿಗೆಗಳು ಗುಡುಗಿದವು. ಹುಡುಗರು ಕೈ ಎದೆಯ ಮೇಲಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ನಾನೂ ಹಾಗೇ ಕೈ ಇಟ್ಟು ನೋಡಿಕೊಂಡೆ.

ತಿಂಗಳ ಕೊನೆಗೆ ಅದೇ ಊರಿನ ಚೇರಮನ್ನರ ಮಗಳ ಮದುವೆಯಿತ್ತು. ಚೇರಮನ್ನರು ಎಂದರೆ ಊರ ಹೈಸ್ಕೂಲಿನ ಕಮಿಟಿಯ ಅಧ್ಯಕ್ಷರು. ಆ ಮದುವೆಯ ಮೈಕಿನ ಕೆಲಸವನ್ನು ಅವರು ನನಗೆ ಮೊದಲೇ ಒಪ್ಪಿಸಿದ್ದರು. ಈಗ ಅವರು ನನ್ನನ್ನು ಕರೆಸಿ, "ಮನ್ನೆ ಬಂದಿತ್ತಲ್ಲ, ಅಂಥಾ ಡಬ್ಬಿ ತಂದ್ರ ನೀನ ಬಾ. ಇಲ್ಲಂದ್ರ ಈಗ ಹೇಳು, ಹುಬ್ಬಳ್ಳ್ಯಾಂವಗ ಹೇಳಿ ಕಳಸ್ತೀನಿ" ಎಂದರು. ನನ್ನ ಅಂಗಡಿಯ ಗೋಡೆಗೆ ಅಂಚೆಯ ಮೂಲಕ ಕಲಿತ ರೇಡಿಯೊ ರಿಪೇರಿಯ ಸರ್ಟಿಫಿಕೇಟು ಕಟ್ಟು ಹಾಕಿಸಿ ತೂಗುಬಿಟ್ಟಿದ್ದೆ. ಅದರ ಬಲದ ಮೇಲೆ, "ನಾನ ಮಾಡ್ತೇನ್ರಿ, ಅವಂದಕ್ಕಿಂತ ಜೋರ ಇರತೈತಿ" ಎಂದು ಮಾತು ಕೊಟ್ಟು ಬಂದೆ.

ಪೆಟ್ಟಿಗೆ ಮಾಡಲು ಅದೇ ಊರಿನ ಬಡಿಗೇರರನ್ನು ಹಿಡಿದೆ. ನಮ್ಮ ಅಪ್ಪನ ಓರಗೆಯವರು. ಕೂರಿಗೆ, ಕುಂಟೆ, ಬಂಡಿಯ ಗಾಲಿ, ಬಾಗಿಲ ಚೌಕಟ್ಟು ಅವರ ಕೆಲಸ. ನಾನು ಅವರಿಗೆ ಕಾಕಾ ಅನ್ನುತ್ತಿದ್ದೆ, ಅವರು ನನಗೆ ತಮ್ಮಾ ಅನ್ನುತ್ತಿದ್ದರು. ಹಳೆಯ ರೇಡಿಯೊ ಪತ್ರಿಕೆಯೊಂದರಲ್ಲಿದ್ದ ನಕ್ಷೆಯನ್ನು ಅವರ ಮುಂದೆ ಹಾಸಿದೆ. ಎದುರಿನ ಹಲಗೆಗೆ ಹನ್ನೆರಡು ಇಂಚಿನ ಎರಡು ಸ್ಪೀಕರು, ಒಂದರ ಮೇಲೊಂದು. ಕೆಳಗೆ ಅಂಗೈ ಅಗಲದ ಗಾಳಿಕಿಂಡಿ. ಉಳಿದೆಲ್ಲ ಕಡೆ ಗಾಳಿ ಆಡಬಾರದು.

"ಅಂದ್ರ ಕಣಜ ಇದ್ದಂಗ. ಇರಿವಿ ಹೋಗಬಾರ್ದು" ಎಂದರು ಬಡಿಗೇರರು.

ಅವರು ಮುಕ್ಕಾಲು ಇಂಚಿನ ಪ್ಲೈವುಡ್ ಕೊಯ್ದು, ಮೂಲೆಗಳಿಗೆ ಒಳಗಿನಿಂದ ಸಾಗವಾನಿ ಪಟ್ಟಿ ಕೂಡಿಸಿ, ನಾಲ್ಕು ನಾಲ್ಕು ಬೆರಳಿಗೆ ಒಂದು ತಿರುಪು ಹಾಕಿದರು. ಅಂಟಿಗೆ ಹೊಟ್ಟು ಕಲಸಿ ಸಂದುಗಳಿಗೆ ಮೆತ್ತಿದರು. ಆಗ ಊರ ಶಾಲೆಗೆ ನಲವತ್ತು ಬೆಂಚು ಮಾಡಿಸುವ ಮಾತು ನಡೆದಿತ್ತು. ಮದುವೆಯಲ್ಲಿ ಚೇರಮನ್ನರ ಕಣ್ಣಿಗೆ ಈ ಪೆಟ್ಟಿಗೆ ಬಿದ್ದರೆ ಬೆಂಚು ತಮಗೇ ಸಿಕ್ಕೀತು ಎಂಬ ಆಸೆ ಅವರಿಗೆ. "ಕಬ್ಬಿಣದ ಕೂರಿಗಿ ಬರಾಕತ್ತಾವ ತಮ್ಮಾ. ನನ್ನ ಬಾಗಲಕ ಯಾರೂ ಬರವಲ್ರು. ಬೆಂಚ್ ಸಿಕ್ಕರ ಒಂದು ವರ್ಷ ಉಳಿ ಕೆಳಗ ಇಡಾಂಗಿಲ್ಲ" ಎಂದು ಉಜ್ಜುಗೊರಡು ಆಡಿಸುತ್ತಲೇ ಹೇಳಿದರು. ನನಗೆ ಆಗ ಬೆಂಚಿನ ಚಿಂತೆ ಇರಲಿಲ್ಲ. ನನಗೆ ಸ್ಪೀಕರಿನ ಚಿಂತೆ.

ನಮ್ಮ ಕಡೆಯ ಮೈಕಿನವರು ಸ್ಪೀಕರು ಕೊಳ್ಳುವ ರೀತಿಯನ್ನು ಇಲ್ಲಿ ಹೇಳಬೇಕು. ಕಾಗದ ಪತ್ರ ಯಾರೂ ಕೇಳುವುದಿಲ್ಲ. ಸ್ಪೀಕರನ್ನು ಎರಡು ಕೈಯಲ್ಲಿ ಎತ್ತಿ ತೂಕ ನೋಡುವುದು. ಹಿಂದಿನ ಮ್ಯಾಗ್ನೆಟ್ಟಿಗೆ ನಟ್ಟು ಬಿಚ್ಚುವ ದೊಡ್ಡ ಪಾನ ಅಂಟಿಸಿ ಕಿತ್ತು ನೋಡುವುದು. ಕೀಳಲು ಎಷ್ಟು ತ್ರಾಸಾಗುತ್ತದೋ ಸ್ಪೀಕರು ಅಷ್ಟು ಭಾರಿ ಎಂದು ಲೆಕ್ಕ. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಎರಡು ಬಗೆಯವು ಇದ್ದವು. ಒಂದು ಹದಿನೈದು ಇಂಚಿನದು, ಎದುರಿಗೆ ಅಲುಗುವ ಕಾಗದದ ಕೋನು ಮೆತ್ತಗೆ, ಚಿಕ್ಕ ಮ್ಯಾಗ್ನೆಟ್ಟು. ಇನ್ನೊಂದು ಬಗೆ ಹನ್ನೆರಡು ಇಂಚಿನ ಜೋಡಿ, ಮ್ಯಾಗ್ನೆಟ್ಟು ಜೋಳದ ರೊಟ್ಟಿಯಷ್ಟು ಅಗಲ. ಪಾನ ಅಂಟಿದ್ದು ಕೀಳುವಾಗ ನನ್ನ ಹೆಬ್ಬೆರಳ ಉಗುರು ಕಿತ್ತು ಬಂತು. ಜೋಡಿಯನ್ನೇ ತಂದೆ. ಜೋಡಿಯಲ್ಲಿ ಒಂದರ ಕಾಯಿಲ್, ಅಂದರೆ ಒಳಗಿನ ತಂತಿಸುರುಳಿ, ಸುಟ್ಟು ಹೊಸದು ಕಟ್ಟಿಸಿದ್ದಾಗಿತ್ತು. ಅಂಗಡಿಯವನು ಅದನ್ನು ಮುಚ್ಚಿಡದೆ ಹೇಳಿದ. ಆಯ್ಕೆ ತಪ್ಪಿರಲಿಲ್ಲ. ಇವತ್ತಿಗೂ ಹೇಳುತ್ತೇನೆ, ಆ ಪೆಟ್ಟಿಗೆಗೆ ಅದೇ ಸರಿಯಾದ ಜೋಡಿ.

ಸ್ಪೀಕರಿನ ಹಿಂದೆ ತಂತಿ ಬೆಸೆಯಲು ಎರಡು ಹಿತ್ತಾಳೆಯ ಕಿವಿ ಇರುತ್ತವೆ. ಒಂದರ ಬದಿಗೆ ಕೆಂಪು ಚುಕ್ಕೆ. ಎರಡು ಸ್ಪೀಕರಿನ ಕೆಂಪು ಚುಕ್ಕೆಗಳನ್ನೂ ಒಂದೇ ತಂತಿಗೆ ಕೂಡಿಸಿದರೆ ಎರಡೂ ಕೋನುಗಳು ಒಟ್ಟಿಗೆ ಹೊರಗೆ ಬಂದು ಒಟ್ಟಿಗೆ ಒಳಗೆ ಹೋಗುತ್ತವೆ. ಒಂದು ಉಲ್ಟಾ ಆದರೆ ಇದು ತಳ್ಳಿದ ಗಾಳಿಯನ್ನು ಅದು ಎಳೆದುಕೊಳ್ಳುತ್ತದೆ, ಗುಡುಗು ಅಲ್ಲಿಯೇ ಸಾಯುತ್ತದೆ. ಚುಕ್ಕೆ ಖರೆ ಹೇಳುತ್ತದೋ ಇಲ್ಲವೋ ಎಂದು ನೋಡಲು ಬ್ಯಾಟರಿಯ ಒಂದು ಸೆಲ್ಲು ಸಾಕು. ಕಿವಿಗಳಿಗೆ ಸೆಲ್ಲು ಮುಟ್ಟಿಸಿದರೆ ಕೋನು ಹೊರಗೆ ಬಂತೋ ಒಳಗೆ ಹೋಯಿತೋ ಕಣ್ಣಿಗೇ ಕಾಣುತ್ತದೆ. ಇದು ನನ್ನ ಸರ್ಟಿಫಿಕೇಟಿನ ಎರಡನೆಯ ಪಾಠ. ನಾನು ಸೆಲ್ಲು ಮುಟ್ಟಿಸಲಿಲ್ಲ. ಚುಕ್ಕೆ ನೋಡಿ ಬೆಸೆದೆ.

ಬಡಿಗೇರರ ಪಡಸಾಲೆಯಲ್ಲೇ ಪೆಟ್ಟಿಗೆ ನಿಲ್ಲಿಸಿ, ಕಿರುಚುವ ದನಿ ಒಳಗೆ ಹೋಗದಂತೆ ನಾನೇ ಸುತ್ತಿದ ತಾಮ್ರದ ತಂತಿಯ ಚೋಕು ಕೂಡಿಸಿ, ಕ್ಯಾಸೆಟ್ ಹಚ್ಚಿದೆ. ತೂತು ಬಿದ್ದ ಡೊಳ್ಳು ಬಾರಿಸಿದ ಹಾಗೆ ಡಬ್ ಡಬ್ ಎಂದಿತು. ಎದೆಯ ಮಾತು ಹಾಗಿರಲಿ, ಪಕ್ಕದಲ್ಲಿ ಮಲಗಿದ್ದ ನಾಯಿಯೂ ಏಳಲಿಲ್ಲ. ಒಂದು ಸ್ಪೀಕರಿನ ತಂತಿ ಬಿಚ್ಚಿದೆ. ಆವಾಜು ಹೆಚ್ಚಾಯಿತು! ಮತ್ತೆ ಎರಡೂ ಕೂಡಿಸಿದೆ, ಸತ್ತಿತು. ಒಂದಕ್ಕಿಂತ ಎರಡು ಕಡಿಮೆಯಾದರೆ ಅದರ ಅರ್ಥವೇನು ಎಂದು ಪಾಠ ಓದಿದ ಯಾರಾದರೂ ಹೇಳಿಯಾರು. ನನಗೆ ಹೊಳೆದದ್ದು ಬೇರೆ. "ಎರಡರ ಜೋರು ನಿಮ್ಮ ಪೆಟಿಗಿ ತಡಕೊಳ್ಳವಲ್ದು ಕಾಕಾ. ಎಲ್ಲೋ ಗಾಳಿ ಸೋರಾಕತ್ತೈತಿ" ಎಂದೆ.

ಅವರು ಮನೆಯೊಳಗಿಂದ ಊದಿನಕಡ್ಡಿ ತಂದು ಹಚ್ಚಿದರು. ನಾನು ಅಂಗೈಯಿಂದ ಎರಡೂ ಕೋನುಗಳನ್ನು ಒಳಗೆ ಒತ್ತುತ್ತಿದ್ದರೆ ಅವರು ಒಂದೊಂದು ಸಂದಿಗೂ ಕಡ್ಡಿ ಹಿಡಿದು ಹೊಗೆ ಅಲುಗುತ್ತದೆಯೇ ಎಂದು ನೋಡಿದರು. ಹೊಗೆ ನೆಟ್ಟಗೆ ಏರಿತು. ಗಾಳಿಕಿಂಡಿಯ ಹತ್ತಿರ ಮಾತ್ರ ಭುಸ್ಸೆಂದು ಓಡಿತು. ಅಷ್ಟಾದರೂ ನಾನು ಬಿಡಲಿಲ್ಲ. ಕಿಂಡಿ ಸಣ್ಣದು ಮಾಡಿಸಿದೆ. ಮರುದಿನ ದೊಡ್ಡದು ಮಾಡಿಸಿದೆ. ಒಳಗೆ ಅಡ್ಡಪಟ್ಟಿ ಹಾಕಿಸಿದೆ. ಮೂರು ದಿನ ಅವರು ಬೇರೆ ಕೆಲಸ ಮುಟ್ಟಲಿಲ್ಲ.

ಮೂರನೆಯ ದಿನ ನಾನು ಆಂಪ್ಲಿಫೈಯರಿನ ಸ್ವಿಚ್ಚು ಒತ್ತಿದಾಗ ಅವರು ಪೆಟ್ಟಿಗೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದರು. ಸ್ವಿಚ್ಚು ಹಾಕಿದ ಕೂಡಲೇ ಸ್ಪೀಕರು ಒಮ್ಮೆ ಧಪ್ ಎಂದು ಜಿಗಿಯುತ್ತದೆ.

"ಇನ್ನೊಮ್ಮಿ ಹಾಕು ತಮ್ಮಾ" ಎಂದರು. ಹಾಕಿದೆ. "ಇನ್ನೊಮ್ಮಿ."

"ಯಾಕ್ರಿ ಕಾಕಾ?"

"ಮ್ಯಾಲಿಂದು ಹೊರಗ ಬರತೈತಿ, ಕೆಳಗಿಂದು ಒಳಗ ಹೋಗತೈತಿ ನೋಡು. ಜೋಡಿ ಗರಗಸ ಎಳಿಯೂಮುಂದ ಒಮ್ಮೆಲೇ ಒಬ್ಬ ಅತ್ತ ಒಬ್ಬ ಇತ್ತ ಎಳದ್ರ ಕಟಿಗಿ ಕೊಯ್ಯೂದಿಲ್ಲ."

ನನಗೆ ಸಿಟ್ಟು ಬಂತು. ಮದುವೆಗೆ ಎರಡು ದಿನ ಉಳಿದಿತ್ತು, ಅದೂ ಒಂದು ಕಾರಣ. ಆದರೆ ಕೂರಿಗೆ ಮಾಡುವವರು ನನಗೆ ಸ್ಪೀಕರಿನ ಪಾಠ ಹೇಳುತ್ತಿದ್ದಾರಲ್ಲ ಎಂಬುದೇ ದೊಡ್ಡ ಕಾರಣ. "ನೀವು ಗರಗಸ ನೋಡ್ಕೋರಿ ಕಾಕಾ, ಕರೆಂಟಿಂದು ನಾ ನೋಡ್ಕೋತೀನಿ. ಕೆಂಪ ಚುಕ್ಕಿಗೆ ಕೆಂಪ ಚುಕ್ಕಿ ಕೂಡ್ಸೇನಿ" ಎಂದೆ. ಅವರು ಮೊಣಕಾಲಿಗೆ ಕೈಯೂರಿ ಎದ್ದು ಹೋಗಿ ನೀರು ಕುಡಿದರು. ನಾನು ಬಗ್ಗಿ ನೋಡಲೂ ಇಲ್ಲ.

ಮದುವೆಯ ದಿನ ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ ಹಾಡು ಹಚ್ಚಿದೆ. ಪೆಟ್ಟಿಗೆಗೆ ಜರಿಯ ಬಟ್ಟೆ ಹೊದಿಸಿ, ಊದಿನಕಡ್ಡಿ ಚುಚ್ಚಿ ಮೆರೆಸಿದ್ದೆ. ಡಬ್ ಡಬ್. ಆವಾಜು ಏರಿಸಿದೆ, ಡಬ್ ಡಬ್. ಬೀಗರ ಕಡೆಯ ಹುಡುಗರು ಸುತ್ತ ನೆರೆದರು. "ಏನಪಾ ಇದು, ಒಳಗ ಕೋಳಿ ಕೂಡಿ ಹಾಕೀಯೇನು?" ಎಂದ ಒಬ್ಬ. ಇನ್ನೊಬ್ಬ ಕಿಂಡಿಗೆ ಬಾಯಿಟ್ಟು ಕೊಕ್ಕೊಕ್ಕೋ ಎಂದು ಕೂಗಿದ. ಚಪ್ಪರವೆಲ್ಲ ನಕ್ಕಿತು. ಚೇರಮನ್ನರು ಬೀಗರ ನಡುವಿನಿಂದ ಎದ್ದು ನನ್ನ ಕಡೆ ಒಮ್ಮೆ ನೋಡಿದರು. ಆ ನೋಟಕ್ಕೆ ನನ್ನ ಕೈ ತಾನಾಗಿ ಮೈಕಿಗೆ ಹೋಯಿತು.

ನಮ್ಮ ಕಡೆ ಮದುವೆಯಲ್ಲಿ ಮೈಕಿನವನ ಮಾತಿಗೆ ಒಂದು ತೂಕವಿದೆ. ಯಾರು ಉಡುಗೊರೆಗೆ ಯಾವ ಸೀರೆ ಏರಿಸಿದರು, ಯಾರು ಯಾವ ಪಾತ್ರೆ ಕೊಟ್ಟರು ಎಂದು ಹೆಸರು ಹಿಡಿದು ಕೂಗುವವನು ಅವನು. ಮೈಕಿನಲ್ಲಿ ಬಂದದ್ದು ಹತ್ತು ವರ್ಷವಾದರೂ ಊರ ನೆನಪಿನಲ್ಲಿ ಹಾಗೇ ಇರುತ್ತದೆ. ಅಂಥ ಮೈಕಿನಲ್ಲಿ ನಾನು, "ಬಂಧುಗಳು ಕ್ಷಮಾ ಮಾಡಬೇಕು. ನಮ್ಮ ಮಷೀನಿನ್ಯಾಗ ಏನೂ ದೋಷ ಇಲ್ರಿ. ಇದೇ ಊರ ಬಡಿಗೇರರು ಮಾಡಿದ ಪೆಟಿಗಿ ಗಾಳಿ ಸೋರಾಕತ್ತೈತಿ. ಅದಕ್ಕ ಆವಾಜ ಬರವಲ್ದು" ಎಂದೆ. ಮರದ ಮೇಲಿದ್ದ ನಾಲ್ಕು ಹಾರ್ನುಗಳು ಅದನ್ನು ಹೊಲದಲ್ಲಿದ್ದವರಿಗೂ ಮುಟ್ಟಿಸಿದವು.

ಬಡಿಗೇರರು ಚಪ್ಪರದಲ್ಲೇ ಇದ್ದರು. ಒಗೆದ ಧೋತರ, ತಲೆಗೆ ರುಮಾಲು. ಜನ ಹೊರಳಿ ನೋಡಿದರು. ಅವರು ಎದ್ದು ಬಂದು ಪೆಟ್ಟಿಗೆಯ ಸಂದಿನ ಉದ್ದಕ್ಕೂ ಬೆರಳಾಡಿಸಿ, ಊಟಕ್ಕೂ ನಿಲ್ಲದೆ ಹೋದರು.

ಮರುದಿನ ಎರಡೂ ಸ್ಪೀಕರುಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ಹುಬ್ಬಳ್ಳಿಗೆ ಹೋದೆ. ಕಾಯಿಲ್ ಕಟ್ಟುವ ವಯಸ್ಸಾದ ಚಾಚಾ ಒಬ್ಬರು ಹಳೇ ಸಾಮಾನಿನ ಅಂಗಡಿಯ ಗಲ್ಲಿಯ ತುದಿಯಲ್ಲಿ ಕೂರುತ್ತಿದ್ದರು. ನನ್ನ ಗೋಳು ಪೂರ್ತಿ ಕೇಳುವ ಮೊದಲೇ ಅವರು ಡಬ್ಬಿಯಿಂದ ಸೆಲ್ಲು ತೆಗೆದು ಮೊದಲನೆಯದಕ್ಕೆ ಮುಟ್ಟಿಸಿದರು. ಕೋನು ಹೊರಗೆ ಬಂತು. ಎರಡನೆಯದಕ್ಕೆ ಮುಟ್ಟಿಸಿದರು. ಒಳಗೆ ಹೋಯಿತು.

"ಕಾಯಿಲ್ ಕಟ್ಟಿದಾಂವ ತುದಿ ಉಲ್ಟಾ ಹಾಕ್ಯಾನ, ಚುಕ್ಕಿ ಹಂಗ ಉಳದೈತಿ" ಎಂದರು. "ಮಾಲು ಅಗದಿ ಚಲೋ ಐತಿ. ತಂತಿ ಅದಲಿ ಬದಲಿ ಮಾಡ್ರಿ, ಸಾಕು. ನೀವು ಸೆಲ್ ಹಚ್ಚಿ ನೋಡಲಿಲ್ಲೇನು?"

ಬಡಿಗೇರರು ಕುಕ್ಕರಗಾಲಲ್ಲಿ ಕೂತು ಮೂರು ಸಲ ನೋಡಿ ಹೇಳಿದ್ದು ಇದನ್ನೇ. ಎರಡು ತಂತಿ ಬದಲಿಸುವುದು ಎರಡು ನಿಮಿಷದ ಕೆಲಸ. ಬದಲಿಸಿ ಹಚ್ಚಿದರೆ ಪೆಟ್ಟಿಗೆ ಗುಡುಗುತ್ತದೆ, ಖರೆ. ಆದರೆ ಆಗ ಊರವರು ಕೇಳುತ್ತಾರೆ: ಅದೇ ಪೆಟ್ಟಿಗೆ, ಅದೇ ಸ್ಪೀಕರು, ಹಾಗಾದರೆ ಅವತ್ತು ಏನಾಗಿತ್ತು? ಚಾಚಾನ ಅಂಗಡಿಯ ಮುಂದೆ ನಿಂತು ನಾನು ಯೋಚಿಸಿದ್ದು ಇಷ್ಟೇ. ಬಡಿಗೇರರ ಮುಖ ನೆನಪಿಗೆ ಬರಲಿಲ್ಲ, ನನ್ನ ಅಂಗಡಿಯ ಗೋಡೆಯ ಸರ್ಟಿಫಿಕೇಟು ನೆನಪಿಗೆ ಬಂತು.

ಗೋಣಿಚೀಲ ಹೊತ್ತು ಹಳೇ ಸಾಮಾನಿನ ಅಂಗಡಿಗೆ ಹೋದೆ. ಸರಿಯಾದ ಜೋಡಿಯನ್ನು ಅಲ್ಲಿ ಕೊಟ್ಟು, ಹದಿನೈದು ಇಂಚಿನದನ್ನು ಬದಲಿಗೆ ತಂದೆ. ಅದರ ಕೋನು ಮೆತ್ತಗೆ, ಮ್ಯಾಗ್ನೆಟ್ಟು ಚಿಕ್ಕದು, ನನ್ನ ಪೆಟ್ಟಿಗೆಯ ಅಳತೆಗೆ ಹೊಂದುವಂಥದ್ದಲ್ಲ. ಎಲ್ಲ ಗೊತ್ತಿದ್ದೇ ತಂದೆ. ಹೊಸ ಸ್ಪೀಕರಿಗೆ ಹೊಸ ತೂತು ಬೇಕು, ಹೊಸ ತೂತಿಗೆ ಹೊಸ ಹಲಗೆ ಬೇಕು. ಇಷ್ಟೆಲ್ಲ ಬದಲಾದ ಮೇಲೆ ಮೊದಲು ಏನು ತಪ್ಪಿತ್ತು ಎಂದು ಯಾರೂ ಕೇಳಲಾರರು. ಒಬ್ಬ ಮೈಕಿನವನು ಸ್ಪೀಕರನ್ನು ಹೀಗೂ ಆರಿಸುತ್ತಾನೆ.

ಹಲಗೆ ಬೇರೆ ಕಡೆ ಕೊಯ್ಯಿಸಬೇಕೆಂದಿದ್ದೆ. ಅಷ್ಟರಲ್ಲಿ ಬಡಿಗೇರರೇ ಕುಂದಗೋಳದ ನನ್ನ ಅಂಗಡಿಗೆ ಬಂದರು, ಹೆಗಲಿಗೆ ಚೀಲ, ಚೀಲದಲ್ಲಿ ಉಳಿ ಗರಗಸ. "ಮೂರು ರಾತ್ರಿ ನಿದ್ದಿ ಹತ್ತಿಲ್ಲ ತಮ್ಮಾ. ಎಲ್ಲಿ ಸೋರತೈತೋ ತಿಳಿವಲ್ದು. ನನ್ನ ಕೈ ತಪ್ಪಿದ್ರ ನಾನ ತಿದ್ದಬೇಕಲ್ಲ" ಎಂದರು. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. "ಹದಿನೈದ ಇಂಚಿಂದು ತಂದೇನ್ರಿ ಕಾಕಾ, ಮುಂದಿನ ಹಲಗಿ ಬದಲಿ ಮಾಡಬೇಕು" ಎಂಬ ಮಾತು ಹೊರಬಂತು.

ದಿನವೆಲ್ಲ ಕೂತು ಮಾಡಿದರು. ಹಳೆಯ ಹಲಗೆಯನ್ನು ಬಿಚ್ಚಿದಾಗ ಅಂಟು ಎಲ್ಲಿಯೂ ಬಿಟ್ಟಿರಲಿಲ್ಲ, ಪ್ಲೈವುಡ್ಡಿನ ಪದರೇ ಕಿತ್ತು ಬಂತು. ಅವರು ಆ ಕಿತ್ತ ಪದರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಬೆಸುಗೆ ಕಡ್ಡಿ ಕಾಯಿಸುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಸಂಜೆ ಹಾಡು ಹಚ್ಚಿದೆವು. ಗುಂಯ್ ಎಂಬ ದೊಡ್ಡ ದನಿ ಬಂತು. ನನ್ನ ಕಿವಿಗೆ ಅದು ಸಡಿಲ ದನಿ, ಪೆಟ್ಟಿಗಿಂತ ಗುನುಗು ಹೆಚ್ಚು. ಆದರೆ ಬೀದಿಯವರು ಬಂದು ಭೇಷ್ ಎಂದರು. ಬಡಿಗೇರರೂ ತಲೆದೂಗಿದರು.

ಶಾಲೆಯ ವಾರ್ಷಿಕ ಸಮಾರಂಭದ ಗ್ಯಾದರಿಂಗಿಗೆ ಮೈಕು ಗೊತ್ತು ಮಾಡಲು ಚೇರಮನ್ನರು ಕರೆಸಿದಾಗ ಬೆಂಚಿನ ಮಾತು ತಾವಾಗಿಯೇ ತೆಗೆದರು. "ಒಂದು ಡಬ್ಬಿ ಬರೋಬ್ಬರಿ ಮಾಡಾಕ ಬರದವರ ಕೈಯಾಗ ನಲವತ್ತು ಬೆಂಚ್ ಹ್ಯಾಂಗ ಕೊಡೂದು? ಸೋಮವಾರ ಮೀಟಿಂಗ್ ಐತಿ, ಹುಬ್ಬಳ್ಳಿಗೆ ಹೇಳೂಣು ಅಂತ ಮಾಡೇವಿ." ಅಲ್ಲಿಂದ ನೇರವಾಗಿ ಬಡಿಗೇರರ ಪಡಸಾಲೆಗೆ ಹೋಗಿ ನಿಂತೆ. ಅವರು ಒನಕೆಯೊಂದನ್ನು ಬಾಚಿಯಿಂದ ಕೆತ್ತುತ್ತಿದ್ದರು. ಚುಕ್ಕೆ, ಸೆಲ್ಲು, ಚಾಚಾ ಹೇಳಿದ್ದು, ಹದಿನೈದು ಇಂಚಿನದನ್ನು ಯಾಕೆ ತಂದೆ ಎಂಬುದು, ಎಲ್ಲವನ್ನೂ ಹೇಳಿದೆ. ಹೇಳುತ್ತ ಅತ್ತೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಅವರು ಬಾಚಿ ಕೆಳಗಿಟ್ಟರು. "ಪೆಟಿಗಿ ಸೋರಿಲ್ಲ ಹಂಗಾರ" ಎಂದರು, ಮೊದಲಿಗೆ ಅಷ್ಟೇ. ಒಂದು ಗಳಿಗೆ ಅವರ ಮುಖದಲ್ಲಿ ಏನೋ ಹಗುರಾಯಿತು. ಆಮೇಲೆ, "ನನಗೊಬ್ಬಗ ಹೇಳಿದ್ರ ಏನಾತ್ರಿ? ಅವತ್ತ ದೂರು ಹೇಳಿದ್ದು ಮೈಕಿನ್ಯಾಗ ಅಲ್ರಿ?" ಎಂದರು. ಅವತ್ತಿನವರೆಗೆ ತಮ್ಮಾ ಎಂದು ಕರೆಯುತ್ತಿದ್ದವರು ನನಗೆ ರೀ ಹಚ್ಚಿದರು. ಗ್ಯಾದರಿಂಗಿನಲ್ಲಿ ಎಲ್ಲರ ಮುಂದೆ ಹೇಳುತ್ತೇನೆ ಎಂದು ಅವರ ಕಾಲು ಮುಟ್ಟಿ ಮಾತು ಕೊಟ್ಟೆ.

ಗ್ಯಾದರಿಂಗು ಶನಿವಾರ ಮಧ್ಯಾಹ್ನ, ಶಾಲೆಯ ಬಯಲಿನಲ್ಲಿ. ಮುಂದಿನ ಸಾಲಿನಲ್ಲಿ ಚೇರಮನ್ನರು, ಕಮಿಟಿಯವರು, ಹೆಡ್ ಮಾಸ್ತರರು. ಹಿಂದೆ ಊರ ಜನ. ಬಡಿಗೇರರು ವೇದಿಕೆಯ ಬಾಜುವಿನಲ್ಲಿ, ನನ್ನ ಪೆಟ್ಟಿಗೆಯ ಹತ್ತಿರವೇ ನಿಂತಿದ್ದರು. ಮೈಕು ಹಿಡಿದೆ. ಮನೆಯಲ್ಲಿ ಇಪ್ಪತ್ತು ಸಲ ಹೇಳಿಕೊಂಡ ಮಾತು, "ತಪ್ಪು ನಂದು" ಎಂಬ ಎರಡೇ ಪದ. ಚೇರಮನ್ನರು ತಲೆ ಎತ್ತಿ ನೋಡಿದರು. "ಬಂಧುಗಳೇ, ಮದಿವ್ಯಾಗ ಆವಾಜ ಬರಲಿಲ್ಲಲ್ರಿ, ಅದು ಪೆಟಿಗಿ ತಪ್ಪಲ್ಲರಿ. ಸ್ಪೀಕರಿಂದು ತಪ್ಪಿತ್ತು. ಈಗ ಹೊಸಾದು ಹಾಕೇವಿ, ಕೇಳ್ರಿ" ಎಂದುಬಿಟ್ಟೆ. ಜನ ಚಪ್ಪಾಳೆ ಹೊಡೆದರು. ಹೊಸ ಸ್ಪೀಕರಿಗೆ ಹೊಡೆದರು. ಚೇರಮನ್ನರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ಊರ ಬಡಿಗೇರರ ಮಾನ ಕಾಯಲು ಆಡಿದ ಮಾತು ಎಂದುಕೊಂಡಿರಬೇಕು.

ಬಡಿಗೇರರು ನನ್ನ ಹತ್ತಿರ ಬಂದು ಮೆಲ್ಲಗೆ, "ಸ್ಪೀಕರಿಗೆ ಬಾಯಿಲ್ಲಂತ ಅದರ ಮ್ಯಾಲ ಹೊರಿಸಿದ್ರೇನ್ರಿ?" ಎಂದರು.

ಮೈಕು ಇನ್ನೂ ನನ್ನ ಕೈಯಲ್ಲಿತ್ತು. ಮಕ್ಕಳ ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ಸೋಮವಾರ ಬೆಂಚಿನ ಕೆಲಸ ಹುಬ್ಬಳ್ಳಿಗೆ ಹೋಯಿತು ಎಂದು ಆಮೇಲೆ ತಿಳಿಯಿತು. ಅದನ್ನು ತಡೆಯಲು ನನಗೆ ಉಳಿದದ್ದು ಆ ಒಂದು ಗಳಿಗೆ. ಸ್ವಿಚ್ಚು ಒತ್ತಿ, "ಹಲೋ, ಹಲೋ" ಎಂದೆ. ಬಯಲೆಲ್ಲ ನನ್ನ ಕಡೆ ತಿರುಗಿತು. ಬಡಿಗೇರರೂ ತಿರುಗಿದರು.

"ಎಲ್ಲಾರೂ ಕೂಡ್ರಿ. ಕಾರ್ಯಕ್ರಮ ಈಗ ಚಾಲೂ ಆಗತೈತಿ" ಎಂದೆ.

ಎಲ್ಲರೂ ಕೂತರು. ಬಡಿಗೇರರು ನಿಂತೇ ಇದ್ದರು.